ನೋಟ ಒಬ್ಬರಲ್ಲಿ, ನೋಟು ಇನ್ನೊಬ್ಬರಲ್ಲಿ

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಆಮೇಲೆ ಇತಿಹಾಸಕ್ಕೆ ಬರುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮಗಳು ಹನ್ನೊಂದನೆಯ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿದಾಗ ಭೌತಶಾಸ್ತ್ರದ ಒಂದು ಒಳ್ಳೆಯ ಪುಸ್ತಕ ಬೇಕಾಯಿತು. ನಾವು ಬಿ.ಎಸ್‌ಸಿ. ಮುಗಿಸಿ ಇಪ್ಪತ್ತು ವರ್ಷಗಳ ಮೇಲಾಗಿದೆ. ಕಲಿತದ್ದೆಲ್ಲ ಕಚೇರಿಯ ಫೈಲುಗಳ ಅಡಿಯಲ್ಲಿ ಹೂತುಹೋಗಿದೆ. ಆದ್ದರಿಂದ ಡೊಂಬಿವಲಿಯ ನಮ್ಮ ಮನೆಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿದ್ದ ಪುಸ್ತಕದಂಗಡಿಗೆ ತಂದೆ ಮಗಳಿಬ್ಬರೂ ಹೋದೆವು. ಅಂಗಡಿಯ ಯಜಮಾನರಿಗೆ ಎಪ್ಪತ್ತರ ಮೇಲಿನ ವಯಸ್ಸು. ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಅವರು ಏಣಿ ಹತ್ತಿ ನಾಲ್ಕು ಪುಸ್ತಕಗಳನ್ನು ಇಳಿಸಿದರು, ಧೂಳು ಒರೆಸಿದರು, ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ ಒಂದೊಂದನ್ನೇ ತೆರೆದು ತೋರಿಸಿದರು. ಒಂದನ್ನು ಮಾತ್ರ ಬದಿಗಿಟ್ಟು, "ಇದು ಈಗ ಬೇಡ. ಲೆಕ್ಕಗಳು ಬಹಳ ಕಠಿಣ, ಮಗು ಹೆದರೀತು. ಮುಂದಿನ ವರ್ಷ ಬೇಕಾದರೆ ನೋಡೋಣ" ಎಂದರು. ಅರ್ಧ ಗಂಟೆಯಾದ ಮೇಲೆ ಮಗಳಿಗೆ ಒಂದು ಪುಸ್ತಕ ಒಪ್ಪಿಗೆಯಾಯಿತು. ನಾವು ಅದರ ರಕ್ಷಾಪುಟದ ಫೋಟೋ ತೆಗೆದುಕೊಂಡು, "ನಾಳೆ ಬರುತ್ತೇವೆ ಕಾಕಾ" ಎಂದು ಹೇಳಿ ಹೊರಬಿದ್ದೆವು. ಮನೆಗೆ ಬಂದು ಮೊಬೈಲು ತೆರೆದರೆ ಅದೇ ಪುಸ್ತಕ ನೂರಮೂವತ್ತು ರೂಪಾಯಿ ಕಡಿಮೆಗೆ ಸಿಗುತ್ತಿತ್ತು. ತರಿಸಿಕೊಂಡೆವು. ಜಾಣತನ ಮಾಡಿದೆವೆಂಬ ಸಮಾಧಾನವೂ ಆಯಿತು. ಆ ನಾಳೆ ಬರಲೇ ಇಲ್ಲ.

ಈಚೆಗೆ ಮಗನ ಸರದಿ ಬಂತು. ಕಾಕಾ ಅಂಗಡಿಯಿದ್ದ ಜಾಗದಲ್ಲಿ ಮೊಬೈಲಿನ ಕವರುಗಳನ್ನು ತೂಗುಹಾಕಿದ್ದರು. ವಿಚಾರಿಸಿದರೆ, ಅಂಗಡಿ ಮುಚ್ಚಿ ಒಂದು ವರ್ಷವಾಯಿತೆಂದೂ ಯಜಮಾನರು ಮಗನ ಊರಿಗೆ ಹೋದರೆಂದೂ ತಿಳಿಯಿತು. ಬೇರೆ ದಾರಿಯಿಲ್ಲದೆ ಮೊಬೈಲಿನಲ್ಲಿಯೇ ನಕ್ಷತ್ರಗಳನ್ನು ಎಣಿಸಿ, ಹೊಗಳಿಕೆಗಳನ್ನು ಓದಿ ಒಂದು ಪುಸ್ತಕ ತರಿಸಿದೆವು. ಮಗಳು ಪೊಟ್ಟಣ ಬಿಚ್ಚಿ ನೋಡಿ ನಕ್ಕುಬಿಟ್ಟಳು: "ಅಪ್ಪಾ, ಕಾಕಾ ಬೇಡ ಅಂತ ಬದಿಗಿಟ್ಟಿದ್ದು ಇದೇ ಪುಸ್ತಕ!"

ಅಂದು ಉಳಿಸಿದ ನೂರಮೂವತ್ತು ರೂಪಾಯಿ ಯಾರದು ಎಂಬ ಪ್ರಶ್ನೆ ಆ ಹೊತ್ತಿನಿಂದ ನಮ್ಮನ್ನು ಬಿಟ್ಟಿಲ್ಲ. ಕಾಕಾ ಅಂಗಡಿ ನಮ್ಮೊಬ್ಬರಿಂದಲೇ ಮುಚ್ಚಿತೆಂದು ಹೇಳಿಕೊಳ್ಳುವಷ್ಟು ದೊಡ್ಡ ಗಿರಾಕಿಗಳು ನಾವಲ್ಲ. ಆದರೂ ಅಂಗಡಿಯಲ್ಲಿ ವಸ್ತುವನ್ನು ಮುಟ್ಟಿ ನೋಡುವ ಸೌಕರ್ಯ ಎಲ್ಲಿಂದ ಬಂತು, ಅದರ ಖರ್ಚನ್ನು ಇಷ್ಟು ಕಾಲ ಯಾರು ಕೊಟ್ಟರು ಎಂದು ಹುಡುಕುತ್ತ ಹೋದಾಗ ತಿಳಿದ ಕೆಲವು ಸಂಗತಿಗಳನ್ನು ವಾಚಕರ ಮುಂದಿಡುತ್ತಿದ್ದೇವೆ. ನಾವು ಇತಿಹಾಸತಜ್ಞರಲ್ಲ, ಫೈಲಿನ ಹಿಂದಿನ ಪುಟಗಳನ್ನು ತಿರುವಿ ನೋಡುವುದು ಮಾತ್ರ ನಮ್ಮ ಕಸುಬಿನ ಅಭ್ಯಾಸ.

ಒಳಗೆ ಬಂದರೆ ಕೊಳ್ಳಬೇಕು

ನಮ್ಮ ಕಡೆಯ ಸಂತೆಯಲ್ಲಿ ನೋಡುವುದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಸರಕೆಲ್ಲ ನೆಲದ ಮೇಲೆ ಹರವಿರುತ್ತದೆ. ಬದನೆಕಾಯಿ ಹಿಚುಕಿ ನೋಡಿ, ಮೆಣಸಿನಕಾಯಿ ಮುರಿದು ಮೂಸಿ, ಮುಂದಿನ ಸಾಲಿಗೆ ಹೋಗಬಹುದು. ಆದರೆ ಬೆಲೆ ಮಾತ್ರ ಬಯಲಿನಲ್ಲಿರುವುದಿಲ್ಲ. ಅದು ವ್ಯಾಪಾರಿಯ ಮನಸ್ಸಿನಲ್ಲಿದ್ದು, ಗಿರಾಕಿಯ ಮುಖ ನೋಡಿ ಹೊರಗೆ ಬರುತ್ತದೆ. ಒಮ್ಮೆ ಚೌಕಾಸಿಗೆ ಇಳಿದು, ನಾವು ಕೇಳಿದ ಬೆಲೆಗೆ ಅವನು "ಹೂಂ" ಎಂದ ಮೇಲೆ ಬೇಡವೆಂದು ಹೋಗುವುದು ಮರ್ಯಾದೆಯಲ್ಲ. ಅದರಲ್ಲೂ ಬೋಣಿಯ ಹೊತ್ತಿನಲ್ಲಿ ಹಾಗೆ ಮಾಡಿದರೆ ಬೆನ್ನ ಹಿಂದೆ ಎರಡು ಮಾತು ಕೇಳಬೇಕಾಗುತ್ತದೆ. ಎಂದರೆ, ನೋಟಕ್ಕೂ ಒಂದು ಮೇರೆ ಇತ್ತು.

ಯುರೋಪಿನ ಹಳೆಯ ಅಂಗಡಿಗಳಲ್ಲಿ ಈ ಮೇರೆ ಇನ್ನೂ ಬಿಗಿಯಾಗಿತ್ತು. ಸರಕು ಕಪಾಟಿನ ಒಳಗೆ, ಬೆಲೆ ಅಂಗಡಿಕಾರನ ಬಾಯೊಳಗೆ. ಹೊಸ್ತಿಲು ದಾಟಿದವನು ಕೊಳ್ಳುವುದಕ್ಕೇ ಬಂದಿದ್ದಾನೆಂಬುದು ರೂಢಿಯ ಭಾವನೆ. ಬರಿಗೈಯಲ್ಲಿ ಹೊರಡುವವರಿಗೆ ಬಹಳ ಮುಜುಗರ.

ಹತ್ತೊಂಬತ್ತನೆಯ ಶತಮಾನದ ನಡುವೆ ಈ ರೂಢಿ ಮುರಿಯಿತು. 1846ರಲ್ಲಿ ಅಲೆಕ್ಸಾಂಡರ್ ಸ್ಟೂವರ್ಟ್ ಎಂಬ ಐರ್ಲೆಂಡ್ ಮೂಲದ ವರ್ತಕ ನ್ಯೂಯಾರ್ಕಿನ ಬ್ರಾಡ್‌ವೇ ರಸ್ತೆಯಲ್ಲಿ ಅಮೃತಶಿಲೆಯ ಮುಖಮಂಟಪದ ದೊಡ್ಡ ಬಟ್ಟೆಯಂಗಡಿ ತೆರೆದು, ಎಲ್ಲರಿಗೂ ಒಂದೇ ದರವೆಂಬ ಪದ್ಧತಿಯನ್ನು ನಡೆಸಿದ. ಪ್ಯಾರಿಸಿನಲ್ಲಿ ಅರಿಸ್ತೀದ್ ಬೂಸಿಕೋ 1852ರಲ್ಲಿ 'ಬೋನ್ ಮಾರ್ಶೆ' ಎಂಬ ಅಂಗಡಿಯ ಪಾಲುದಾರನಾದ. ಒಳಗೆ ಬರಲು ಯಾರಿಗೂ ತಡೆಯಿಲ್ಲ, ಕೊಳ್ಳಲೇಬೇಕೆಂಬ ಕಟ್ಟಿಲ್ಲ, ಬೆಲೆಯನ್ನು ಸರಕಿನ ಮೇಲೆಯೇ ಬರೆದಿರುತ್ತದೆ, ಒಪ್ಪಿಗೆಯಾಗದಿದ್ದರೆ ಹಿಂದಕ್ಕೆ ತರಬಹುದು. ಇಂದು ನಮಗೆ ಸಾಮಾನ್ಯವಾಗಿ ಕಾಣುವ ಈ ನಿಯಮಗಳು ಅಂದು ಜನರಿಗೆ ಸೋಜಿಗವಾಗಿದ್ದವು. ವ್ಯಾಪಾರ ಬೆಳೆದು 1869ರಲ್ಲಿ ಬೂಸಿಕೋ ಹೊಸ ಮಹಾಮಳಿಗೆಯ ಕಟ್ಟಡಕ್ಕೇ ಕೈಹಾಕಿದ. ಇಂಥದೇ ಮಳಿಗೆಯೊಂದನ್ನು ನಡುವೆ ಇರಿಸಿಕೊಂಡು ಎಮಿಲ್ ಜೋಲಾ 1883ರಲ್ಲಿ ಒಂದು ಕಾದಂಬರಿಯನ್ನೇ ಪ್ರಕಟಿಸಿದ. ದೊಡ್ಡ ಮಳಿಗೆಯ ದೀಪಗಳು ಬೆಳಗುತ್ತಿದ್ದಂತೆ ಅದೇ ಬೀದಿಯ ಸಣ್ಣ ಅಂಗಡಿಗಳು ಒಂದೊಂದಾಗಿ ನಂದಿಹೋಗುವುದು ಅದರ ಕಥೆಯ ಒಂದು ಮುಖ್ಯ ಎಳೆ.

ಲಂಡನ್ನಿನಲ್ಲಿ ಈ ಪದ್ಧತಿಗೆ ಮೆರುಗು ಕೊಟ್ಟವನು ಗಾರ್ಡನ್ ಸೆಲ್ಫ್‌ರಿಜ್. ಷಿಕಾಗೋದ ಒಂದು ದೊಡ್ಡ ಮಳಿಗೆಯಲ್ಲಿ ಪಳಗಿ ಬಂದ ಈ ಅಮೇರಿಕನ್ 1909ರ ಮಾರ್ಚ್ 15ರಂದು ಆಕ್ಸ್‌ಫರ್ಡ್ ರಸ್ತೆಯಲ್ಲಿ ತನ್ನ ಮಳಿಗೆ ತೆರೆದ. ನೋಡುವುದೇ ಒಂದು ವಿನೋದವಾಗಬೇಕೆಂಬುದು ಅವನ ತತ್ವ. ಅದೇ ವರ್ಷ ಜುಲೈ ತಿಂಗಳಲ್ಲಿ ಲೂಯಿ ಬ್ಲೇರಿಯೋ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ಹಾರಿ ದಾಟಿದಾಗ, ಆ ವಿಮಾನವನ್ನೇ ತರಿಸಿ ಮಳಿಗೆಯೊಳಗೆ ಪ್ರದರ್ಶನಕ್ಕಿಟ್ಟ. ಜನ ಸಾಲುಗಟ್ಟಿ ಬಂದು ನೋಡಿದರು. ಟಿಕೆಟ್ಟಿಲ್ಲ.

ಇಲ್ಲಿ ಒಂದು ಲೆಕ್ಕವನ್ನು ಗಮನಿಸಬೇಕು. ಬೂಸಿಕೋನಾಗಲಿ ಸೆಲ್ಫ್‌ರಿಜ್‌ನಾಗಲಿ ಧರ್ಮಛತ್ರ ನಡೆಸುತ್ತಿರಲಿಲ್ಲ. ದೀಪ, ಗಾಜು, ಕೆಲಸದವರ ಸಂಬಳ, ಕೈಯಿಂದ ಕೈಗೆ ಹೋಗಿ ಮಾಸಿದ ಸರಕು - ಈ ಖರ್ಚೆಲ್ಲ ಮಾರಾಟವಾದ ವಸ್ತುವಿನ ಬೆಲೆಯಲ್ಲಿ ಸೇರಿರುತ್ತಿತ್ತು. ಹತ್ತು ಜನ ನೋಡಿ ಹೋದರೂ ಹನ್ನೊಂದನೆಯವನು ಕೊಂಡರೆ ಸಾಕು. ಆ ಹತ್ತರಲ್ಲಿ ಕೆಲವರು ನಾಳೆ ಬಂದು ಕೊಂಡಾರೆಂಬ ಭರವಸೆ. ನೋಟ ಪುಕ್ಕಟೆಯಾಗಿರಲಿಲ್ಲ, ಅದು ಉದ್ರಿಯಾಗಿತ್ತು.

ನೋಡದೆ ಕೊಂಡವರು

ದೂರದಿಂದ ತರಿಸಿಕೊಳ್ಳುವುದೇ ತಪ್ಪೆಂದು ನಾವು ಹೇಳುತ್ತಿಲ್ಲ. ಅಂಚೆಯ ವ್ಯಾಪಾರಕ್ಕೂ ನೂರೈವತ್ತು ವರ್ಷಗಳ ಇತಿಹಾಸವುಂಟು. 1872ರಲ್ಲಿ ಆರನ್ ಮಾಂಟ್ಗೊಮೆರಿ ವಾರ್ಡ್ ಎಂಬಾತ ಷಿಕಾಗೋದಿಂದ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚುಹಾಕಿಸಿ ರೈತರಿಗೆ ಕಳಿಸಿದ. ಹಳ್ಳಿಯ ಒಂದೇ ಅಂಗಡಿಯವನು ಹೇಳಿದ್ದೇ ಬೆಲೆಯಾಗಿದ್ದ ಕಾಲದಲ್ಲಿ ಆ ಪಟ್ಟಿ ರೈತರಿಗೆ ದೊಡ್ಡ ಬಿಡುಗಡೆ. ಕೆಲವು ಊರಿನ ಅಂಗಡಿಕಾರರು ಸಿಟ್ಟಿಗೆದ್ದು ಇಂತಹ ಪಟ್ಟಿಗಳನ್ನು ಒಟ್ಟುಹಾಕಿಸಿ ಸುಡಿಸಿದ್ದೂ ಉಂಟು. ಆದರೂ ಅದು ನಿಲ್ಲಲಿಲ್ಲ. 1913ರ ಜನವರಿ 1ರಂದು ಅಮೇರಿಕದ ಅಂಚೆ ಇಲಾಖೆಯೇ ದೊಡ್ಡ ಪೊಟ್ಟಣಗಳನ್ನು ಮನೆಬಾಗಿಲಿಗೆ ಒಯ್ಯುವ ಪಾರ್ಸೆಲ್ ಅಂಚೆಯನ್ನು ಆರಂಭಿಸಿತು.

ನಮ್ಮ ದೇಶವೂ ಇದರಲ್ಲಿ ಹಿಂದೆ ಬಿದ್ದಿರಲಿಲ್ಲ. ಇಲ್ಲಿಯ ಅಂಚೆ ಇಲಾಖೆ 1877ರಲ್ಲಿಯೇ ವಿ.ಪಿ.ಪಿ. ಪದ್ಧತಿಯನ್ನು ತಂದಿತು. ಅಂಚೆಯವನು ಪೊಟ್ಟಣವನ್ನು ಮನೆಗೆ ತಂದು, ಹಣ ಎಣಿಸಿಕೊಂಡು, ಆಮೇಲೆ ಕೈಗೆ ಕೊಡುವ ಏರ್ಪಾಡು. 1880ರಲ್ಲಿ ಮನಿಯಾರ್ಡರನ್ನೂ ಅದೇ ಇಲಾಖೆ ವಹಿಸಿಕೊಂಡ ಮೇಲೆ ವ್ಯಾಪಾರಕ್ಕೆ ಎರಡು ಕೈಯೂ ಬಂದಂತಾಯಿತು. ಇಂದು ನಮ್ಮ ಮಕ್ಕಳು 'ಕ್ಯಾಶ್ ಆನ್ ಡೆಲಿವರಿ' ಎಂದು ಹೊಸದೆಂಬಂತೆ ಹೇಳುವುದು ಈ ವಿ.ಪಿ.ಪಿ.ಯ ಮೊಮ್ಮಗನೇ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡಿನ ಆರು ಅಂಕಿಗಳಿಲ್ಲದೆ ಇಂದಿನ ಯಾವ ಜಾಲದ ವ್ಯಾಪಾರಿಯೂ ನಮ್ಮ ಮನೆಗೆ ದಾರಿ ಕಂಡುಕೊಳ್ಳಲಾರ. ಮುಂಬಯಿಗೆ ನಾಲ್ಕರಿಂದ, ಕರ್ನಾಟಕಕ್ಕೆ ಐದರಿಂದ ಮೊದಲಾಗುವ ಆ ಸಂಖ್ಯೆಯನ್ನು ರೂಪಿಸಿದವರು ಅಂಚೆ ಇಲಾಖೆಯ ಅಧಿಕಾರಿಯೂ ಸಂಸ್ಕೃತ ಕವಿಯೂ ಆಗಿದ್ದ ಶ್ರೀರಾಮ ಭಿಕಾಜಿ ವೇಲಣಕರರು. ಸರಕಾರಿ ನೌಕರರ ಬಗ್ಗೆ ಒಳ್ಳೆಯ ಮಾತು ಹೇಳುವ ಅವಕಾಶ ಅಪರೂಪವಾದುದರಿಂದ ಇದನ್ನು ಇಲ್ಲಿ ಸೇರಿಸಿದ್ದೇವೆ.

ಕನ್ನಡ ಪುಸ್ತಕಗಳ ಮಟ್ಟಿಗಂತೂ ಅಂಚೆಯೇ ಅಂಗಡಿಯಾಗಿತ್ತು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಅಲೆದು ಮಾರಿದರೆಂಬುದನ್ನು ನಾವೆಲ್ಲ ಶಾಲೆಯಲ್ಲಿಯೇ ಕೇಳಿದ್ದೇವೆ. ಅಂಗಡಿಯಿಲ್ಲದ ಕಡೆ ಲೇಖಕನೇ ಅಂಗಡಿಯಾದ. 1933ರಲ್ಲಿ ಧಾರವಾಡದಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡಿತು. ಚಂದಾ ಮೊದಲು, ಪುಸ್ತಕ ಆಮೇಲೆ. ಇಂತಹ ಏರ್ಪಾಡುಗಳಿಂದಲೇ ಹೊರನಾಡಿನ ಎಷ್ಟೋ ಕನ್ನಡ ಮನೆಗಳಿಗೆ ಪುಸ್ತಕ ಬಂತು. ಅವರು ಪುಸ್ತಕವನ್ನು ನೋಡದೆ ಕೊಂಡರು, ನಂಬಿ ಕೊಂಡರು. ಅದಕ್ಕಾಗಿ ಯಾವ ಅಂಗಡಿಕಾರನೂ ಏಣಿ ಹತ್ತಿರಲಿಲ್ಲ. ಯಾರ ಅರ್ಧ ಗಂಟೆಯೂ ಹಾಳಾಗಿರಲಿಲ್ಲ. ವಿ.ಪಿ.ಪಿ. ಬಿಡಿಸಿಕೊಂಡ ನಮ್ಮ ತಂದೆಗೂ ಫೋಟೋ ತೆಗೆದುಕೊಂಡು ಬಂದ ನಮಗೂ ಇರುವ ವ್ಯತ್ಯಾಸ ಇಷ್ಟೇ. ಆದರೆ ಈ ಇಷ್ಟರಲ್ಲಿಯೇ ಎಲ್ಲವೂ ಇದೆ.

ಟಿಕೆಟ್ಟಿಲ್ಲದ ಪ್ರಯಾಣಿಕ

ಒಂದು ಕಡೆ ನೋಡಿ ಇನ್ನೊಂದು ಕಡೆ ಕೊಳ್ಳುವ ಚಾಳಿ ಮೊಬೈಲಿನೊಂದಿಗೆ ಹುಟ್ಟಿತೆಂದು ನಾವು ತಿಳಿದಿದ್ದೆವು. ಅದು ತಪ್ಪು. 1960ರಲ್ಲಿಯೇ ಷಿಕಾಗೋ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಲೆಸ್ಟರ್ ಟೆಲ್ಸರ್ ಒಂದು ಲೇಖನದಲ್ಲಿ ಇದನ್ನು ಸ್ಪಷ್ಟವಾಗಿ ವಿವರಿಸಿದ್ದ. ಒಬ್ಬ ಅಂಗಡಿಕಾರ ಖರ್ಚು ಮಾಡಿ ವಸ್ತುವನ್ನು ಪ್ರದರ್ಶನಕ್ಕಿಡುತ್ತಾನೆ, ಅದರ ಗುಣದೋಷಗಳನ್ನು ತಿಳಿಸಿ ಹೇಳುತ್ತಾನೆ. ಪಕ್ಕದವನು ಇದ್ಯಾವುದನ್ನೂ ಮಾಡದೆ, ಆ ಖರ್ಚನ್ನು ಉಳಿಸಿ, ಬೆಲೆ ಇಳಿಸುತ್ತಾನೆ. ಗಿರಾಕಿ ಮೊದಲನೆಯವನ ಹತ್ತಿರ ತಿಳಿದುಕೊಂಡು ಎರಡನೆಯವನ ಹತ್ತಿರ ಕೊಳ್ಳುತ್ತಾನೆ. ಹೀಗಾದರೆ ಕೊನೆಗೆ ಮೊದಲನೆಯವನೂ ತೋರಿಸುವುದನ್ನು ನಿಲ್ಲಿಸುತ್ತಾನೆ. ಆಗ ತೋರಿಸುವವರೇ ಇರುವುದಿಲ್ಲ. ಅರ್ಥಶಾಸ್ತ್ರದಲ್ಲಿ ಇದಕ್ಕೆ ದೊಡ್ಡ ಹೆಸರಿದೆ. ನಮ್ಮ ಮುಂಬಯಿಯ ಭಾಷೆಯಲ್ಲಿ ಹೇಳುವುದಾದರೆ, ಇದು ಲೋಕಲ್ ಗಾಡಿಯಲ್ಲಿ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುವುದು. ಒಬ್ಬ ಹತ್ತಿದರೆ ಗಾಡಿಗೆ ಭಾರವಿಲ್ಲ. ಎಲ್ಲರೂ ಹಾಗೆಯೇ ಹತ್ತಿದರೆ ಗಾಡಿ ಓಡುವುದಿಲ್ಲ.

ಇದಕ್ಕೆ ಪರಿಹಾರವಾಗಿ ತಯಾರಕರು ಕಂಡುಕೊಂಡ ಉಪಾಯ, ಯಾರೂ ಇಂತಿಷ್ಟಕ್ಕಿಂತ ಕಡಿಮೆಗೆ ಮಾರಬಾರದೆಂಬ ಕಟ್ಟು. ಇದು ನ್ಯಾಯವೋ ಅನ್ಯಾಯವೋ ಎಂಬುದರ ಬಗ್ಗೆ ಅಮೇರಿಕದಲ್ಲಿ ನೂರು ವರ್ಷ ಜಗಳ ನಡೆಯಿತು. 1911ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಅದು ಕಾನೂನುಬಾಹಿರವೆಂದಿತು. 1937ರಲ್ಲಿ ಸಂಸತ್ತು ಅದಕ್ಕೆ ಅವಕಾಶ ಕೊಡುವ ಕಾಯಿದೆ ಮಾಡಿತು. 1975ರಲ್ಲಿ ಆ ಕಾಯಿದೆಯನ್ನು ತೆಗೆದುಹಾಕಿತು. 2007ರಲ್ಲಿ ನ್ಯಾಯಾಲಯ ತನ್ನ 1911ರ ತೀರ್ಪನ್ನೇ ಬದಲಿಸಿ, ಇಂತಹ ಕಟ್ಟು ಯಾವಾಗಲೂ ತಪ್ಪಲ್ಲ, ಆಯಾ ಪ್ರಸಂಗವನ್ನು ನೋಡಿ ತೀರ್ಮಾನಿಸಬೇಕೆಂದಿತು. ಟಿಕೆಟ್ಟಿಲ್ಲದ ಪ್ರಯಾಣಿಕನ ವಾದಕ್ಕೆ ಆ ತೀರ್ಪಿನಲ್ಲಿ ಜಾಗ ಸಿಕ್ಕಿತು.

ಪುಸ್ತಕದ ವಿಷಯದಲ್ಲಿ ಬ್ರಿಟನ್ನು ಮತ್ತು ಫ್ರಾನ್ಸು ಬೇರೆ ಬೇರೆ ದಾರಿ ಹಿಡಿದವು. ಬ್ರಿಟನ್ನಿನ ಪ್ರಕಾಶಕರು ಮತ್ತು ಪುಸ್ತಕ ವ್ಯಾಪಾರಿಗಳು 1900ರಿಂದ ಒಂದು ಒಪ್ಪಂದದಂತೆ ಮುಖಬೆಲೆಗಿಂತ ಕಡಿಮೆಗೆ ಮಾರುತ್ತಿರಲಿಲ್ಲ. 1995ರಲ್ಲಿ ಅದು ಮುರಿದುಬಿತ್ತು, 1997ರಲ್ಲಿ ನ್ಯಾಯಾಲಯವೂ ಅದನ್ನು ತಳ್ಳಿಹಾಕಿತು. ಫ್ರಾನ್ಸು ತದ್ವಿರುದ್ಧವಾಗಿ 1981ರಲ್ಲಿ ಕಾಯಿದೆ ಮಾಡಿ, ಹೊಸ ಪುಸ್ತಕದ ಮೇಲೆ ನೂರಕ್ಕೆ ಐದಕ್ಕಿಂತ ಹೆಚ್ಚು ರಿಯಾಯಿತಿ ಕೊಡಕೂಡದೆಂದಿತು. ಮುಂದೆ ಜಾಲದ ವ್ಯಾಪಾರಿಗಳು ಸಾಗಣೆಯನ್ನು ಪುಕ್ಕಟೆ ಮಾಡಿದಾಗ, 2014ರಲ್ಲಿ ಅದಕ್ಕೂ ತಡೆ ಹಾಕಿತು. ಅವರು ಸಾಗಣೆಗೆ ಕೇವಲ ಒಂದು ಸೆಂಟು ತೆಗೆದುಕೊಂಡು ಕಾಯಿದೆಯ ಅಕ್ಷರವನ್ನು ಪಾಲಿಸಿದರು. ಸರಕಾರಿ ನಿಯಮದ ಸಂದಿಯಲ್ಲಿ ನುಸುಳುವುದು ಎಲ್ಲ ದೇಶಗಳಲ್ಲಿಯೂ ಒಂದೇ ಎಂದು ನಮಗೆ ನಗು ಬಂತು. ಕೊನೆಗೆ 2023ರ ಅಕ್ಟೋಬರಿನಿಂದ, 35 ಯೂರೋಗಿಂತ ಕಡಿಮೆಯ ಪುಸ್ತಕ ಖರೀದಿಗೆ ಕನಿಷ್ಠ 3 ಯೂರೋ ಸಾಗಣೆ ವೆಚ್ಚ ವಿಧಿಸಬೇಕೆಂದು ಗೊತ್ತುಮಾಡಿತು.

ನಮ್ಮಲ್ಲಿ ಕಾನೂನಿನ ಕಣ್ಣು ಇನ್ನೊಂದು ಕಡೆಗಿದೆ. ಕಟ್ಟಿದ ಪೊಟ್ಟಣಗಳ ಮೇಲೆ ಏನೇನು ಬರೆದಿರಬೇಕೆಂಬ ನಿಯಮಗಳು 1977ರಲ್ಲಿ ಬಂದವು; ಎಲ್ಲ ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆಯನ್ನು ಮುದ್ರಿಸಬೇಕೆಂಬುದು 1990ರಲ್ಲಿ ಸೇರಿತು. ನಾವು ಎಂ.ಆರ್.ಪಿ. ಎನ್ನುವುದು ಇದನ್ನೇ. ಹೆಚ್ಚಿಗೆ ಸುಲಿಯಬಾರದೆಂಬುದು ಅದರ ಉದ್ದೇಶ, ಅದು ಸರಿಯೇ. ಆದರೆ ಎಷ್ಟು ಕಡಿಮೆಗೆ ಮಾರಬಹುದೆಂಬುದಕ್ಕೆ ಅದರಲ್ಲಿ ಮೇರೆಯಿಲ್ಲ. ಹೀಗೆ ಅಚ್ಚಾದ ಆ ಅಂಕಿ, ಎಲ್ಲಿ ಎಷ್ಟು ಕಡಿಮೆಯೆಂದು ಅಳೆಯುವುದಕ್ಕೆ ನಮ್ಮ ಕೈಗೆ ಸಿಕ್ಕ ಒಂದು ಮೊಳಕೋಲಾಯಿತು.

ಶಾನಭಾಗರ ಕಪಾಟುಗಳು

ಪುಸ್ತಕ ತೋರಿಸುವುದನ್ನೇ ಬಾಳಿನ ಕಸುಬು ಮಾಡಿಕೊಂಡಿದ್ದ ಇಬ್ಬರನ್ನು ಇಲ್ಲಿ ನೆನೆಯದಿದ್ದರೆ ಮುಂಬಯಿ ಕನ್ನಡಿಗರಾದ ನಮಗೆ ಶೋಭೆಯಲ್ಲ. ಇಬ್ಬರೂ ಶಾನಭಾಗರು, ಆ ಹೆಸರೇ ನಮ್ಮ ಕರಾವಳಿಯನ್ನು ಹೇಳುತ್ತದೆ. ಟಿ. ಎನ್. ಶಾನಭಾಗರು 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದ ಆವರಣದಲ್ಲಿ ಪುಟ್ಟ ಪುಸ್ತಕದಂಗಡಿ ಇಟ್ಟರು. ಅದೇ ಮುಂದೆ ಫೋರ್ಟಿನಲ್ಲಿ ಹೆಸರುವಾಸಿಯಾದ ಸ್ಟ್ರ್ಯಾಂಡ್ ಬುಕ್ ಸ್ಟಾಲ್. ಕಚೇರಿ ಬಿಟ್ಟ ಮೇಲೆ ಅಲ್ಲಿ ನಿಂತು ಪುಟ ತಿರುವುವುದು ಎರಡು ತಲೆಮಾರಿನ ಗುಮಾಸ್ತರಿಗೂ ವಕೀಲರಿಗೂ ಒಂದು ನಿತ್ಯವಿಧಿಯಾಗಿತ್ತು. ಕೊಳ್ಳಿರಿ ಎಂದು ಯಾರೂ ಒತ್ತಾಯಿಸುತ್ತಿರಲಿಲ್ಲ, ಓದಬೇಡಿರಿ ಎಂದು ಯಾರೂ ಗದರಿಸುತ್ತಿರಲಿಲ್ಲ. ಕೊಂಡರೆ ನೂರಕ್ಕೆ ಇಪ್ಪತ್ತು ರಿಯಾಯಿತಿ. 2003ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಸೋದರ ಸಂಬಂಧಿಗಳ ಮನೆಯ ಕುಡಿ, ಕುಂದಾಪುರದ ಟಿ. ಎಸ್. ಶಾನಭಾಗರು 1971ರಿಂದ ಬೆಂಗಳೂರಿನಲ್ಲಿ ಪ್ರೀಮಿಯರ್ ಪುಸ್ತಕದಂಗಡಿಯನ್ನು ನಡೆಸಿದರು. ಅಲ್ಲಿ ಪುಸ್ತಕಗಳು ನೆಲದಿಂದ ಸೂರಿನವರೆಗೆ ಗುಡ್ಡೆಯಾಗಿರುತ್ತಿದ್ದವು. ಹೊರಗಿನವರಿಗೆ ಅದು ಅವ್ಯವಸ್ಥೆ. ಶಾನಭಾಗರು ಮಾತ್ರ ಕೇಳಿದ ಪುಸ್ತಕವನ್ನು ನೇರವಾಗಿ ಎಳೆದು ಕೊಡುತ್ತಿದ್ದರು.

ಪ್ರೀಮಿಯರ್ 2009ರಲ್ಲಿ ಮುಚ್ಚಿತು. ಹಿರಿಯ ಶಾನಭಾಗರು ತೀರಿಕೊಂಡದ್ದೂ ಅದೇ ವರ್ಷ. ಪುಣೆಯ ಮ್ಯಾನೀಸ್ 2012ರಲ್ಲಿ ಬಾಗಿಲು ಹಾಕಿತು. ಮುಂಬಯಿಯ ಸ್ಟ್ರ್ಯಾಂಡ್ 2018ರ ಫೆಬ್ರುವರಿಯಲ್ಲಿ ನಿಂತುಹೋಯಿತು. ಕೊನೆಯ ದಿನಗಳಲ್ಲಿ ಅಲ್ಲಿ ನೂಕುನುಗ್ಗಲು. ಇಷ್ಟು ಜನ ಮೊದಲೇ ಬಂದಿದ್ದರೆ ಎಂದು ಅನ್ನಿಸದೆ ಇರಲಿಲ್ಲ. ಈ ಎಲ್ಲ ಅಂಗಡಿಗಳ ಅಂತ್ಯಕ್ಕೆ ಒಂದೇ ಕಾರಣ ಹೇಳುವುದು ಅನ್ಯಾಯವಾದೀತು. ನಗರದ ಬಾಡಿಗೆ, ಮುಂದುವರಿಸುವವರ ಅಭಾವ, ಓದುವ ಹವ್ಯಾಸದ ಇಳಿತ ಎಲ್ಲವೂ ಸೇರಿಕೊಂಡಿವೆ. ಪ್ರೀಮಿಯರ್ ಮುಚ್ಚಿದಾಗ ನಮ್ಮ ದೇಶದಲ್ಲಿ ಜಾಲದ ವ್ಯಾಪಾರ ಇನ್ನೂ ಎಳೆಗೂಸು. ಆದರೆ ಆ ಕೂಸು ಹುಟ್ಟಿದ್ದು ಅದೇ ಬೆಂಗಳೂರಿನಲ್ಲಿ, ಅದು ಮೊದಲು ಮಾರಿದ್ದೂ ಪುಸ್ತಕವನ್ನೇ ಎಂಬುದನ್ನು ಇತಿಹಾಸ ಮರೆಯುವಂತಿಲ್ಲ.

ಕಿಸೆಯೊಳಗಿನ ಬೆಲೆಪಟ್ಟಿ

ಫ್ಲಿಪ್‌ಕಾರ್ಟ್ ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ವ್ಯಾಪಾರದಿಂದ ಆರಂಭವಾಯಿತು. ಅದಕ್ಕೆ ಮೊದಲೇ ಅಮೇರಿಕದ ಅಮೆಜಾನ್ ಕೂಡ 1995ರಲ್ಲಿ ಪುಸ್ತಕದಿಂದಲೇ ಬಾಗಿಲು ತೆರೆದಿತ್ತು. ಇದಕ್ಕೆ ಕಾರಣವುಂಟು. ಪುಸ್ತಕ ಎಲ್ಲಿ ಕೊಂಡರೂ ಅದೇ ಪುಸ್ತಕ. ಮಾವಿನಹಣ್ಣಿನಂತೆ ಒಂದು ಬುಟ್ಟಿಯದು ಸಿಹಿ, ಇನ್ನೊಂದರದು ಹುಳಿ ಎಂಬ ಭಯವಿಲ್ಲ. ಆದ್ದರಿಂದ ನೋಡುವುದನ್ನೂ ಕೊಳ್ಳುವುದನ್ನೂ ಬೇರ್ಪಡಿಸುವುದಕ್ಕೆ ಅದಕ್ಕಿಂತ ಸುಲಭವಾದ ಸರಕು ಇನ್ನೊಂದಿಲ್ಲ. 2010ರಲ್ಲಿ ಫ್ಲಿಪ್‌ಕಾರ್ಟ್ ಮನೆಬಾಗಿಲಲ್ಲಿ ಹಣ ಕೊಡುವ ಪದ್ಧತಿಯನ್ನು ತಂದಾಗ ಕಾರ್ಡಿಲ್ಲದವರ ಹಿಂಜರಿಕೆಯೂ ಹೋಯಿತು. 2013ರಲ್ಲಿ ಅಮೆಜಾನ್ ಇಲ್ಲಿಗೆ ಬಂತು. 2014ರ ಅಕ್ಟೋಬರ್ 6ರಂದು ಫ್ಲಿಪ್‌ಕಾರ್ಟ್ ನಡೆಸಿದ ಒಂದು ದಿನದ ಮಹಾಮಾರಾಟದಂದು ಕಚೇರಿಯಲ್ಲಿ ನಮ್ಮ ಸುತ್ತಲಿನ ಮೇಜುಗಳವರೆಲ್ಲ ಮೊಬೈಲು ಹಿಡಿದು ಕುಳಿತದ್ದು ನಮಗೆ ಚೆನ್ನಾಗಿ ನೆನಪಿದೆ.

ಅಮೇರಿಕದ ಅಂಗಡಿಗಳಿಗೆ ಈ ಬಿಸಿ ಮೊದಲೇ ತಟ್ಟಿತ್ತು. 2011ರ ಡಿಸೆಂಬರಿನಲ್ಲಿ ಅಮೆಜಾನ್ ಒಂದು ಕೊಡುಗೆ ಸಾರಿತು: ಅಂಗಡಿಗೆ ಹೋಗಿ, ಅಲ್ಲಿಯ ವಸ್ತುವಿನ ಬೆಲೆಯನ್ನು ಮೊಬೈಲಿನಲ್ಲಿ ಪರೀಕ್ಷಿಸಿ, ತಮ್ಮಲ್ಲಿ ಕೊಂಡರೆ 5 ಡಾಲರಿನವರೆಗೆ ರಿಯಾಯಿತಿ. ಪರರ ಅಂಗಡಿಯನ್ನು ತಮ್ಮ ಪ್ರದರ್ಶನ ಮಂದಿರ ಮಾಡಿಕೊಳ್ಳುವುದೆಂದರೆ ಇದೇ. ಅಂಗಡಿಗಳು ಬರಿಯ ಶೋರೂಮುಗಳಾಗಿ ಉಳಿದುದರಿಂದ ಈ ಪದ್ಧತಿಗೆ 'ಶೋರೂಮಿಂಗ್' ಎಂಬ ಹೆಸರೇ ಬಿತ್ತು. 2012ರಲ್ಲಿ ಟಾರ್ಗೆಟ್ ಮತ್ತು ವಾಲ್‌ಮಾರ್ಟ್ ಮಳಿಗೆಗಳು ಅಮೆಜಾನಿನ ಓದುಯಂತ್ರವನ್ನು ಮಾರುವುದನ್ನೇ ನಿಲ್ಲಿಸಿದವು. ವಿದ್ಯುತ್ ಉಪಕರಣಗಳನ್ನು ಮಾರುವ ಬೆಸ್ಟ್ ಬೈ ಎಂಬ ದೊಡ್ಡ ಸಂಸ್ಥೆ ಮುಳುಗಿಯೇ ಹೋಗುವುದೆಂದು ಬಹಳ ಜನ ಭಾವಿಸಿದ್ದರು. ಅದು ಎರಡು ಕೆಲಸ ಮಾಡಿತು. 2013ರಲ್ಲಿ ಜಾಲದ ಬೆಲೆಗೇ ತಾನೂ ಕೊಡುವುದಾಗಿ ಮಾತುಕೊಟ್ಟಿತು. ಅದೇ ವರ್ಷ ಸ್ಯಾಮ್‌ಸಂಗಿನಂತಹ ತಯಾರಕರಿಗೆ ಮಳಿಗೆಯೊಳಗೇ ಪ್ರತ್ಯೇಕ ಜಾಗ ಕೊಟ್ಟು ಪ್ರದರ್ಶನ ನಡೆಸಿತು. ಗಿರಾಕಿ ನೋಡಿ ಹೋದರೂ ಲಾಭ ತಯಾರಕನಿಗೆ ಇದ್ದೇ ಇದೆಯಷ್ಟೆ. ಆದುದರಿಂದ ನೋಟದ ಖರ್ಚಿನಲ್ಲಿ ಅವನೂ ಕೈಗೂಡಿಸಲಿ ಎಂಬ ನ್ಯಾಯ. ಬೆಸ್ಟ್ ಬೈ ಉಳಿದುಕೊಂಡಿತು.

ಇನ್ನೂ ವಿಚಿತ್ರವೆಂದರೆ, ಜಾಲದ ದೊರೆಯಾದ ಅಮೆಜಾನೇ 2015ರ ನವೆಂಬರಿನಲ್ಲಿ ಸಿಯಾಟಲ್ ನಗರದಲ್ಲಿ ಇಟ್ಟಿಗೆ ಗೋಡೆಯ ಪುಸ್ತಕದಂಗಡಿಯನ್ನು ತೆರೆಯಿತು. ಕೆಲವು ವರ್ಷ ಅಂತಹ ಅಂಗಡಿಗಳನ್ನು ನಡೆಸಿ, 2022ರಲ್ಲಿ ಅವನ್ನು ಮುಚ್ಚುವುದಾಗಿ ಪ್ರಕಟಿಸಿತು. ಪುಸ್ತಕವನ್ನು ಕೈಯಲ್ಲಿ ಹಿಡಿದು ನೋಡುವ ಆಸೆ ಮನುಷ್ಯನಿಗೆ ಹೋಗಿಲ್ಲವೆಂಬುದನ್ನು ಅವರೂ ಬಲ್ಲರು. ಆ ಆಸೆಯನ್ನು ಪೂರೈಸುವ ಖರ್ಚು ಹಗುರವಲ್ಲವೆಂಬುದನ್ನು ಅವರೂ ಕಲಿತರು. ಅಷ್ಟು ದೊಡ್ಡ ಗಲ್ಲಾಪೆಟ್ಟಿಗೆಯಿದ್ದವರ ಪಾಡೇ ಹೀಗಾದರೆ ಕಾಕಾ ಪಾಡೇನು?

ನಮ್ಮ ಮೇಜಿನ ಮಾತು

ಜಾಲದ ವ್ಯಾಪಾರವನ್ನು ಬಿಡಿರೆಂದು ಉಪದೇಶ ಮಾಡುವ ಯೋಗ್ಯತೆ ನಮಗಿಲ್ಲ; ನಾವೇ ಬಿಟ್ಟಿಲ್ಲ. ಕನ್ನಡ ಪುಸ್ತಕ ಸಿಗುವ ಅಂಗಡಿಯೇ ಇಲ್ಲದ ಬಡಾವಣೆಗಳಲ್ಲಿ ನಮ್ಮಲ್ಲಿ ಬಹಳ ಮಂದಿ ಇದ್ದೇವೆ. ದೆಹಲಿಯ ದ್ವಾರಕೆಯಲ್ಲೋ ಹೈದರಾಬಾದಿನ ಹೊರವಲಯದಲ್ಲೋ ಕೂತವರಿಗೆ ಕಾರಂತರ ಕಾದಂಬರಿ ನಾಲ್ಕು ದಿನದಲ್ಲಿ ಮನೆಗೆ ಬರುವುದಾದರೆ ಅದು ಹಳೆಯ ವಿ.ಪಿ.ಪಿ.ಯಷ್ಟೇ ದೊಡ್ಡ ಉಪಕಾರ. ಸಂಬಳದ ಹಣವನ್ನು ಅಳೆದು ಸುರಿದು ಬಾಳುವ ಮನೆಗಳಲ್ಲಿ ನೂರಮೂವತ್ತು ರೂಪಾಯಿ ಸಣ್ಣ ಮೊತ್ತವೂ ಅಲ್ಲ. ನೋಡದೆ ಕೊಂಡದ್ದಕ್ಕೆ ಯಾರ ಋಣವೂ ಇಲ್ಲ. ಋಣ ಹುಟ್ಟುವುದು, ಒಬ್ಬರು ನಮಗಾಗಿ ಏಣಿ ಹತ್ತಿದಾಗ.

ಆದ್ದರಿಂದ ನಮ್ಮ ಮನೆಯಲ್ಲಿ ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಅಂಗಡಿಯಲ್ಲಿ ಕೇಳಿ ತಿಳಿದುಕೊಂಡದ್ದನ್ನು ಅದೇ ಅಂಗಡಿಯಲ್ಲಿ ಕೊಳ್ಳುವುದು. ಬೆಲೆ ತೀರ ಹೆಚ್ಚೆನಿಸಿದರೆ ಕದ್ದು ಫೋಟೋ ತೆಗೆಯದೆ, "ಇಂಥಲ್ಲಿ ಇಷ್ಟಕ್ಕೆ ಸಿಗುತ್ತದೆ, ನೀವು ಎಷ್ಟಕ್ಕೆ ಕೊಡಬಲ್ಲಿರಿ?" ಎಂದು ಬಾಯಿಬಿಟ್ಟು ಕೇಳುವುದು. ಚೌಕಾಸಿ ನಮ್ಮ ಸಂತೆಯ ಹಳೆಯ ವಿದ್ಯೆ, ನಾಚಿಕೆಯ ಕೆಲಸವಲ್ಲ. ಕಳೆದ ತಿಂಗಳು ಮಿಕ್ಸರು ಕೊಳ್ಳುವಾಗ ನಮ್ಮ ಮನೆಯವರು ಹೀಗೆಯೇ ಕೇಳಿದರು. ಅಂಗಡಿಯವನು ಅರ್ಧದಷ್ಟು ಅಂತರವನ್ನು ಬಿಟ್ಟುಕೊಟ್ಟ. ಉಳಿದರ್ಧವನ್ನು ನಾವು ಕೊಟ್ಟೆವು. ಹದಿನೈದು ದಿನಕ್ಕೆ ಜಾರಿನ ರಬ್ಬರು ಸಡಿಲವಾದಾಗ ಅವನೇ ಬದಲಿಸಿಕೊಟ್ಟ.

ಕೊನೆಯದಾಗಿ ಸಂಘದ ಸದಸ್ಯರಲ್ಲಿ ಒಂದು ಅರಿಕೆ. ರಾಜ್ಯೋತ್ಸವದ ದಿನ ನಮ್ಮ ಸಭಾಗೃಹದ ಬಾಗಿಲಲ್ಲಿ ಪ್ರತಿ ವರ್ಷ ಒಂದು ಪುಸ್ತಕದ ಮೇಜು ಇರುತ್ತದೆ. ಊರಿನಿಂದ ಒಬ್ಬ ಪ್ರಕಾಶಕರು ಎರಡು ಪೆಟ್ಟಿಗೆ ಪುಸ್ತಕಗಳನ್ನು ರಾತ್ರಿ ಬಸ್ಸಿನಲ್ಲಿ ಹಾಕಿಕೊಂಡು ಬರುತ್ತಾರೆ. ಕಳೆದ ನವೆಂಬರಿನಲ್ಲಿ ನಾವು ಆ ಮೇಜಿನ ಹಿಂದೆ ಸ್ವಯಂಸೇವಕರಾಗಿ ನಿಂತಿದ್ದೆವು. ಬಂದವರಲ್ಲಿ ಬಹಳ ಜನ ಪ್ರೀತಿಯಿಂದ ಪುಟ ತಿರುವಿದರು, ಮಕ್ಕಳಿಗೆ ಚಿತ್ರ ತೋರಿಸಿದರು. ಆಮೇಲೆ ಮೊಬೈಲು ತೆಗೆದು ರಕ್ಷಾಪುಟದ ಫೋಟೋ ಹಿಡಿದು ಊಟದ ಸಾಲಿಗೆ ಹೋದರು. ನಾವು ಏನೂ ಹೇಳಲಿಲ್ಲ. ಹೇಳುವ ಬಾಯಿ ನಮಗಿರಲಿಲ್ಲ. ಸಂಜೆ ಪೆಟ್ಟಿಗೆ ಕಟ್ಟಲು ನೆರವಾದಾಗ ಒಂದು ಪೆಟ್ಟಿಗೆ ತಂದಷ್ಟೇ ಭಾರವಾಗಿತ್ತು. "ಮುಂದಿನ ವರ್ಷ ಬರುತ್ತೀರಷ್ಟೆ?" ಎಂದು ಕೇಳಿದ್ದಕ್ಕೆ ಅವರು ನಕ್ಕು, "ನೋಡೋಣ ಸ್ವಾಮಿ" ಎಂದರು.

ಈ ನವೆಂಬರಿಗೂ ಅವರಿಗೆ ಕಾಗದ ಬರೆದಿದ್ದೇವೆ. ಬರುವುದಾಗಿ ಒಪ್ಪಿದ್ದಾರೆ, ಆದರೆ ಒಂದೇ ಪೆಟ್ಟಿಗೆ ತರುತ್ತಾರಂತೆ. ಅದು ಬರಿದಾಗಿ ಹಿಂದಕ್ಕೆ ಹೋದರೆ ಅದರ ಮರುವರ್ಷ ಎರಡು ಪೆಟ್ಟಿಗೆ ಬರಬಹುದು. ಮನೆಗೊಂದು ಪುಸ್ತಕವಾದರೂ ಸಾಕು. ಮೇಜಿನ ಹಿಂದೆ ನಾವು ನಿಂತಿರುತ್ತೇವೆ. ಪುಟ ತಿರುವಿ, ಬೇಕಾದಷ್ಟು ಹೊತ್ತು ನೋಡಿರಿ.